ಮರಳುಗಾಡಿನ ಹಿತ್ತಿಲಲ್ಲೊಂದು ಕೊಳ

ಹಿತ್ತಿಲೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ಒಂದು ಸೇದುವ ಬಾವಿ, ಅದರ ಮಗ್ಗುಲಲ್ಲಿ ಬಟ್ಟೆ ಒಗೆಯುವ ಕಲ್ಲು, ಪಾತ್ರೆ ತೊಳೆದ ನೀರನ್ನು ಕುಡಿದು ಕೊಬ್ಬಿದ ಎರಡು ಬಾಳೆ, ಬೇಲಿಗೆ ಹಬ್ಬಿದ ತೊಂಡೆಯ ಬಳ್ಳಿ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನೂ ನನ್ನ ಪತ್ನಿಯೂ 2024ರ ಫೆಬ್ರುವರಿಯಲ್ಲಿ ಅಮೆರಿಕದ ಅರಿಜೋನ ರಾಜ್ಯದ ಚಾಂಡ್ಲರ್ ಎಂಬ ಊರಿನಲ್ಲಿರುವ ಮಗನ ಮನೆಗೆ ಹೋಗಿ ಇಳಿದೆವು. ಮರುದಿನ ಬೆಳಗ್ಗೆ ಕಾಫಿಯ ಲೋಟ ಹಿಡಿದು ಹಿಂಬಾಗಿಲನ್ನು ತೆರೆದರೆ ಅಲ್ಲಿ ಬಾವಿಯೂ ಇಲ್ಲ, ಬಾಳೆಯೂ ಇಲ್ಲ. ಕಂದು ಬಣ್ಣದ ಜಲ್ಲಿ ಹರಡಿದ ನೆಲ. ಮೂರು ಕಡೆ ಆಳೆತ್ತರದ ಗೋಡೆ. ಮೂಲೆಯಲ್ಲಿ ಕಾಂಡವೂ ಹಸಿರಾಗಿರುವ ಪಾಲೊವರ್ಡೆ ಎಂಬ ಮುಳ್ಳುಮರ. ನೆಲದ ಮೇಲೆ ಯಾರೋ ಬಿಳಿಯ ಬಣ್ಣದಿಂದ ದೊಡ್ಡದೊಂದು ಆಯತವನ್ನು ಬರೆದಿದ್ದರು.

“ಇದೇನಪ್ಪ, ರಂಗೋಲಿಯೇ?” ಎಂದು ನನ್ನಾಕೆ ಕೇಳಿದಳು.

“ಈಜುಕೊಳ ಅಮ್ಮ. ನೀವಿಬ್ಬರೂ ಇರುವಾಗಲೇ ಕಟ್ಟಿಸೋಣ ಅಂತ ಕಾದಿದ್ದೆ. ಮೇಲ್ವಿಚಾರಣೆ ಅಪ್ಪ ನೋಡ್ಕೋತಾರೆ” ಎಂದ ಮಗ.

ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಕಾಲುವೆ, ಏರಿ, ತೂಬುಗಳ ನಡುವೆ ಸವೆದವನಿಗೆ ಇದಕ್ಕಿಂತ ಮಿಗಿಲಾದ ಸ್ವಾಗತ ಬೇಕೆ? ಆದರೂ ನನ್ನ ಎದೆ ಒಮ್ಮೆ ಅಳುಕಿತು. ಓದುಗರು ನಗಬಾರದು: ಜೀವಮಾನವೆಲ್ಲ ನೀರನ್ನು ಅಳೆದವನಿಗೆ ಈಜು ಬರುತ್ತಿರಲಿಲ್ಲ. ಏಕೆ ಬರುತ್ತಿರಲಿಲ್ಲವೆಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲೂ ಇಲ್ಲ.

ಬಿಸಿಲ ನಾಡಿನ ಕಾಲುವೆಗಳು

ಚಾಂಡ್ಲರ್ ಊರು ಫೀನಿಕ್ಸ್ ಮಹಾನಗರಕ್ಕೆ ಆಗ್ನೇಯದಲ್ಲಿದೆ. ಎ. ಜೆ. ಚಾಂಡ್ಲರ್ ಎಂಬ ಪಶುವೈದ್ಯರು ತಮ್ಮ ಜಮೀನನ್ನು ವಿಂಗಡಿಸಿ 1912ರಲ್ಲಿ ನಿವೇಶನಗಳಾಗಿ ಮಾರಿದಾಗ ಹುಟ್ಟಿದ ಊರು ಅದು. 1980ರಲ್ಲಿ ಇಂಟೆಲ್ ಕಂಪನಿ ಅಲ್ಲಿ ಬೀಡುಬಿಟ್ಟ ಮೇಲೆ ದೇಶದೇಶದ ಎಂಜಿನಿಯರುಗಳು ಬಂದು ನೆಲೆಸಿದರು. ಅವರಲ್ಲಿ ನಮ್ಮ ಕನ್ನಡಿಗರೂ ಸೇರಿದ್ದಾರೆ. ವರ್ಷಕ್ಕೆ ಬೀಳುವ ಮಳೆ ಏಳೆಂಟು ಅಂಗುಲ. ಬೇಸಿಗೆಯ ಮಾತಂತೂ ಹೇಳುವುದೇ ಬೇಡ. 2023ರಲ್ಲಿ ಫೀನಿಕ್ಸಿನ ಉಷ್ಣತೆ ಸತತವಾಗಿ 31 ದಿನ 110 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿತು ಇಲ್ಲವೆ ಮೀರಿತು. ನಮ್ಮ ಲೆಕ್ಕದಲ್ಲಿ ಅದು 43 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಆ ತಿಂಗಳು ಮಗುವನ್ನು ಹೊರಗೆ ಬಿಡಲಾಗದೆ ಮನೆಯೊಳಗೇ ಕೂಡಿಹಾಕಿದ ಸೊಸೆ, ಮುಂದಿನ ಬೇಸಿಗೆಯೊಳಗೆ ಹಿತ್ತಿಲಲ್ಲಿ ನೀರಿರಲೇಬೇಕೆಂದು ಹಟ ಹಿಡಿದಿದ್ದಳಂತೆ.

ಮರಳುಗಾಡಿನಲ್ಲಿ ಇಷ್ಟು ನೀರು ಎಲ್ಲಿಂದ ಬರುತ್ತದೆಂಬುದು ನನ್ನ ಮೊದಲ ಪ್ರಶ್ನೆಯಾಯಿತು. ವಿಚಾರಿಸುತ್ತ ಹೋದರೆ ಅದೊಂದು ಪುರಾಣ. ಹೊಹೊಕಾಮ್ ಎಂದು ಇಂದು ಕರೆಯುವ ಮೂಲನಿವಾಸಿಗಳು ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆಗಳನ್ನು ತೋಡಿ ಈ ನೆಲದಲ್ಲಿ ಮುಸುಕಿನ ಜೋಳ ಬೆಳೆದಿದ್ದರು. ಕಬ್ಬಿಣದ ಸಲಕರಣೆಯಿಲ್ಲ, ಗಾಡಿಯ ಚಕ್ರವಿಲ್ಲ. ಮರದ ಕೋಲು ಮತ್ತು ಕಲ್ಲಿನ ಗುದ್ದಲಿಗಳಿಂದ ಆದ ಕೆಲಸ. ಸುಮಾರು 1450ರ ಹೊತ್ತಿಗೆ ಅವರ ಊರುಗಳು ಬರಿದಾದವು. 1867ರ ಬಳಿಕ ಬಂದ ಹೊಸ ವಲಸೆಗಾರರು ಅದೇ ಹಳೆಯ ಕಾಲುವೆಗಳ ಜಾಡು ಹಿಡಿದು ನೀರು ಹರಿಸಿದರು. ಬೂದಿಯಿಂದೆದ್ದ ಹಕ್ಕಿಯ ಹೆಸರನ್ನು ಊರಿಗೆ ಇಟ್ಟದ್ದು ಈ ಕಾರಣದಿಂದಲೇ. 1911ರಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಬಂತು. 1993ರಲ್ಲಿ ಕೊಲರಾಡೊ ನದಿಯ ನೀರನ್ನು ಹೊತ್ತು ತರುವ 336 ಮೈಲಿ ಉದ್ದದ ಕಾಲುವೆ ಪೂರ್ಣವಾಯಿತು. ಆ ನದಿಯೂ ಸೊರಗಿದ್ದರಿಂದ 2021ರಲ್ಲಿ ಮೊತ್ತಮೊದಲ ಬಾರಿಗೆ ನೀರಿನ ಅಭಾವವನ್ನು ಅಧಿಕೃತವಾಗಿ ಸಾರಿ, ಮರುವರ್ಷದಿಂದ ಅರಿಜೋನದ ಪಾಲನ್ನು ಕಡಿತಮಾಡಿದರು.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಕೊಳದ ಉದ್ದ 30 ಅಡಿ, ಅಗಲ 15 ಅಡಿ, ಸರಾಸರಿ ಆಳ ನಾಲ್ಕೂವರೆ ಅಡಿ. ಹಿಡಿಯುವ ನೀರು ಸುಮಾರು 57 ಸಾವಿರ ಲೀಟರ್. ಅಲ್ಲಿನ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಸುಮಾರು ಆರು ಅಡಿ ಆರಿಹೋಗುತ್ತದೆ. ಎಂದರೆ ತುಂಬಿದ ನೀರಿಗಿಂತಲೂ ಹೆಚ್ಚು ನೀರು ಪ್ರತಿವರ್ಷ ಆಕಾಶದ ಪಾಲು! ಮಗನಿಗೆ ತೋರಿಸಿದೆ. ಅವನು ಮೊದಲಿದ್ದ ಹುಲ್ಲುಹಾಸನ್ನು ಕಿತ್ತು ಜಲ್ಲಿ ಹಾಕಿಸಿದ್ದನ್ನು ಹೇಳಿದ. ಪದೇಪದೇ ನೀರು ಹಾಯಿಸಿ ತೊಳೆದು ಚೆಲ್ಲಬೇಕಾದ ಮರಳು ಶೋಧಕದ ಬದಲು, ಬಿಚ್ಚಿ ತೊಳೆಯುವ ಕೊಳವೆಯಾಕಾರದ ಶೋಧಕವನ್ನು ಆರಿಸಿರುವುದಾಗಿಯೂ ಹೇಳಿದ. ನನ್ನ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ. ಆದರೆ ಆ ಹೊತ್ತಿಗೆ ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿ ಬಿಳಿಯ ಗೆರೆಯೊಳಗೆ ಬೋರಲಾಗಿ ಮಲಗಿ, ಜಲ್ಲಿಯ ಮೇಲೇ ಕೈಕಾಲು ಬಡಿಯುತ್ತ “ತಾತಾ, ನಾನು ಈಜ್ತಾ ಇದೀನಿ” ಎನ್ನುತ್ತಿದ್ದಳು. ಕಾಗದವನ್ನು ಮಡಿಸಿಟ್ಟೆ.

ಅಗೆತ, ಕಬ್ಬಿಣ, ಗಾರೆ

ಅಲ್ಲಿ ಹಾರೆ ಹಾಕುವ ಮುನ್ನ 811 ಎಂಬ ಸಂಖ್ಯೆಗೆ ಫೋನು ಮಾಡಬೇಕು. ನೆಲದೊಳಗೆ ಏನೇನು ಹಾದುಹೋಗಿದೆಯೆಂದು ಆಯಾ ಸಂಸ್ಥೆಯವರು ಬಂದು ಬಣ್ಣದ ಗೆರೆ ಎಳೆದು ಹೋಗುತ್ತಾರೆ: ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು. ಈ ಬಣ್ಣದ ಭಾಷೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಊರುಗಳಲ್ಲಿ ಒಡೆದ ಪೈಪು ಚಿಮ್ಮಿದ ಮೇಲೆ ತಾನೆ ಅದು ಅಲ್ಲಿತ್ತೆಂದು ಗೊತ್ತಾಗುವುದು!

ಅಗೆತ ಎರಡು ದಿನವೆಂದು ಕಂಟ್ರಾಕ್ಟರು ಹೇಳಿದ್ದ. ಆದದ್ದು ನಾಲ್ಕು ದಿನ. ಮೂರಡಿ ಇಳಿಯುತ್ತಲೇ ಯಂತ್ರದ ಹಲ್ಲು ಕಿರಕಿರನೆಂದಿತು. ಆ ಸೀಮೆಯ ಮಣ್ಣಿನೊಳಗೆ ಕಲೀಚಿ ಎಂಬ ಗಟ್ಟಿ ಪದರವಿರುತ್ತದೆ. ಸುಣ್ಣದಂಶವು ಸಾವಿರಾರು ವರ್ಷಗಳಲ್ಲಿ ಮಣ್ಣು ಕಲ್ಲುಗಳನ್ನು ಬೆಸೆದು ಮಾಡಿದ ಗಚ್ಚು ಅದು. ಸುತ್ತಿಗೆಯಂತೆ ಬಡಿಯುವ ಬೇರೊಂದು ಯಂತ್ರ ತಂದು ಒಡೆದರು. ಮೇಸ್ತ್ರಿ ಮೆಕ್ಸಿಕೊ ಮೂಲದವನು. ನನ್ನನ್ನು ‘ಅಬ್ವೇಲೊ’ ಎಂದು ಕರೆಯುತ್ತಿದ್ದ. ಸ್ಪ್ಯಾನಿಷ್ ಭಾಷೆಯಲ್ಲಿ ತಾತ ಎಂದರ್ಥ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದನ್ನೊಂದು ಕಂಡು ನಾಚುತ್ತಿದ್ದವು. ಆದರೆ ತೂಗುಗುಂಡು ಮತ್ತು ರಸಮಟ್ಟ ಹಿಡಿದವರಿಗೆ ಭಾಷೆಯ ಹಂಗೇನು?

ಹಳ್ಳದ ಒಳಮೈಗೆಲ್ಲ ಕಬ್ಬಿಣದ ಸರಳನ್ನು ಬುಟ್ಟಿಯಂತೆ ಹೆಣೆದರು. ಸರಳು, ದೀಪದ ಗೂಡು, ಪಂಪು ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆದರು. ಎಲ್ಲಿಯೇ ವಿದ್ಯುತ್ತು ಸೋರಿದರೂ ನೀರಿನಲ್ಲಿರುವವರಿಗೆ ಆಘಾತವಾಗಬಾರದೆಂದು ಈ ಏರ್ಪಾಡು. ತಳದಲ್ಲಿ ನೀರನ್ನೆಳೆಯುವ ಬಾಯಿ ಒಂದಲ್ಲ, ಎರಡು; ಎರಡಕ್ಕೂ ಉಬ್ಬಿದ ಮುಚ್ಚಳ. ಒಂದು ಮುಚ್ಚಿಹೋದರೂ ಇನ್ನೊಂದರಿಂದ ನೀರು ಹರಿದು ಸೆಳೆತ ಹಂಚಿಹೋಗಲೆಂದು. ಇದರ ಹಿಂದೊಂದು ದುಃಖದ ಕಥೆಯಿದೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಬೇಕರರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ತಳದ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಇಂಥ ಮುಚ್ಚಳಗಳನ್ನು ಕಡ್ಡಾಯ ಮಾಡಿದ 2007ರ ಶಾಸನಕ್ಕೆ ಆ ಮಗುವಿನ ಹೆಸರನ್ನೇ ಇಟ್ಟಿದ್ದಾರೆ. ಮೇಸ್ತ್ರಿ ಮುಚ್ಚಳ ಬಿಗಿಯುವುದನ್ನು ಎರಡು ಬಾರಿ ನಿಂತು ನೋಡಿದೆ.

ಮಾರ್ಚಿಯ ಕೊನೆಯಲ್ಲಿ ಗಾರೆಯ ದಿನ ಬಂತು. ಒಣ ಸಿಮೆಂಟು ಮರಳುಗಳ ಮಿಶ್ರಣವನ್ನು ಗಾಳಿಯ ಒತ್ತಡದಿಂದ ದಪ್ಪ ಕೊಳವೆಯಲ್ಲಿ ದಬ್ಬಿ, ತುದಿಯಲ್ಲಿ ನೀರು ಬೆರೆಸಿ, ಸರಳಿನ ಬುಟ್ಟಿಗೆ ರಭಸದಿಂದ ಎರಚುತ್ತಾರೆ. ಗನೈಟ್ ಎಂದು ಇದರ ಹೆಸರು. ಇದನ್ನು ಕಂಡುಹಿಡಿದ ಕಾರ್ಲ್ ಏಕ್ಲಿ ಎಂಜಿನಿಯರನಲ್ಲ. ಸತ್ತ ಪ್ರಾಣಿಗಳನ್ನು ಜೀವಂತವೆಂಬಂತೆ ನಿಲ್ಲಿಸುವ, ಷಿಕಾಗೋ ವಸ್ತುಸಂಗ್ರಹಾಲಯದ ಕಲಾವಿದ. 1911ರಲ್ಲಿ ಪೇಟೆಂಟು ಪಡೆದ ಅವನ ಸಿಮೆಂಟಿನ ಕೋವಿಯಿಂದ ಈಗ ಹಿತ್ತಿಲುಗಳಲ್ಲಿ ಕೊಳಗಳು ಮೂಡುತ್ತಿವೆ. ಕೂಲಿಯವನೊಬ್ಬ ಸಿಡಿದು ಬಿದ್ದ ಪುಡಿಯನ್ನು ಗುದ್ದಲಿಯಿಂದ ಎತ್ತಿ ಮೆಟ್ಟಿಲಿಗೆ ಮೆತ್ತಹೊರಟಾಗ ನಾನು ಕೈ ಅಡ್ಡ ಹಿಡಿದೆ. ಹಾಗೆ ಸಿಡಿದ ಪುಡಿಯಲ್ಲಿ ಸಿಮೆಂಟಿನ ಅಂಶ ಕಡಿಮೆ, ಅದು ನಿಲ್ಲುವುದಿಲ್ಲ. ಮೇಸ್ತ್ರಿ ನನ್ನನ್ನು ನೋಡಿ ನಕ್ಕು, ಪುಡಿಯನ್ನು ಹೊರಗೆ ಹಾಕಿಸಿದ. ಆಮೇಲೆ ಒಂದು ವಾರ ಬೆಳಗೂ ಬೈಗೂ ಹೊಸ ಗಾರೆಗೆ ನೀರು ಕುಡಿಸುವ ಕೆಲಸ ನನ್ನದಾಯಿತು. ಸೇವೆಯಿಂದ ನಿವೃತ್ತನಾದ ಮೇಲೆ ಅಷ್ಟು ಸುಖವಾಗಿ ನಾನು ಇದ್ದದ್ದಿಲ್ಲ.

ಜಗಲಿ ಮತ್ತು ಬೇಲಿ

ಯುಗಾದಿ ಕಳೆದ ಮೇಲೆ ಕೊಳದ ಸುತ್ತಣ ಹಾಸು ಶುರುವಾಯಿತು. ಅಲ್ಲಿನವರು ಇದನ್ನು ಪ್ಯಾಟಿಯೊ ಎನ್ನುತ್ತಾರೆ. ಸ್ಪೇನಿನಲ್ಲಿ ಮನೆಯ ನಡುವಣ ತೆರೆದ ಅಂಗಳಕ್ಕೆ ಈ ಹೆಸರು. ನಮ್ಮ ತೊಟ್ಟಿಮನೆಯ ತೊಟ್ಟಿಗೆ ಅದು ದೂರದ ನಂಟಸ್ತಿಕೆ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬರಿಗಾಲಿಡಲಾಗದೆಂದು ಟ್ರಾವರ್ಟೀನ್ ಎಂಬ ತಿಳಿಬಣ್ಣದ ಸುಣ್ಣಕಲ್ಲನ್ನು ಆರಿಸಿದ್ದರು. ಬಿದ್ದ ಮಳೆನೀರು ಕೊಳಕ್ಕೆ ಹರಿಯದಂತೆ ಅಡಿಗೆ ಕಾಲಂಗುಲ ಹೊರವಾಟ. ಕೊಳದ ಅಂಚಿಗೂ ಹಾಸಿಗೂ ನಡುವೆ, ಎರಡೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗಲು ಒಂದು ಮೆತ್ತನೆಯ ಸಂದು. ಪಶ್ಚಿಮಕ್ಕೆ ನಾಲ್ಕು ಕಂಬದ ಚಪ್ಪರ. ಅದನ್ನು ಅಲ್ಲಿ ರಮಾಡ ಎನ್ನುತ್ತಾರೆ.

ಕಲ್ಲುಗಳನ್ನು ಜೋಡಿಸುತ್ತಿದ್ದಾಗ ನನಗೆ ಹಂಪೆಯ ನೆನಪಾಯಿತು. ಅಲ್ಲಿ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಿದ್ದ ಮೆಟ್ಟಿಲುಗಳ ಪುಷ್ಕರಣಿಯನ್ನು ಓದುಗರಲ್ಲಿ ಹಲವರು ನೋಡಿರಬಹುದು. ಅದರ ಒಂದೊಂದು ಕಪ್ಪು ಕಲ್ಲಿನ ಮೇಲೂ ಯಾವ ದಿಕ್ಕು, ಯಾವ ಸಾಲು ಎಂಬ ಗುರುತು ಕೆತ್ತಿದೆ. ನಾಲ್ಕು ಕಡೆಯಿಂದಲೂ ಹಂತಹಂತವಾಗಿ ಇಳಿಯುವ ಆ ಮೆಟ್ಟಿಲುಗಳು ಚೆಲುವಿಗೆ ಮಾತ್ರವಲ್ಲ; ಜಾರಿ ಬಿದ್ದವನ ಕಾಲಿಗೆ ಎಲ್ಲಿಯಾದರೂ ಒಂದು ಆಸರೆ ಸಿಗುತ್ತದೆ. ನೀರು ಕಟ್ಟಲು ಬಲ್ಲವರು ಕಾವಲನ್ನೂ ಜೊತೆಯಲ್ಲೇ ಕಟ್ಟುತ್ತಾರೆ.

ಕಾವಲಿನ ವಿಷಯದಲ್ಲೇ ನನಗೂ ಮಗನಿಗೂ ಮಾತು ಬಂದದ್ದು. ಆರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಕೊಳಕ್ಕೆ ಐದಡಿ ಎತ್ತರದ ಆವರಣವಿರಬೇಕೆಂದು ಅರಿಜೋನದ ಕಾನೂನು ಹೇಳುತ್ತದೆ. ನಾಲ್ಕು ಅಂಗುಲದ ಚೆಂಡು ತೂರುವಷ್ಟೂ ಸಂದಿರಬಾರದು. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು. ಆದರೆ ಒಂದು ಕಡೆ ಮನೆಯ ಗೋಡೆಯೇ ಆವರಣವಾದರೆ, ಮನೆಗೂ ಕೊಳಕ್ಕೂ ನಡುವೆ ಬೇಲಿ ಹಾಕಬಹುದು. ಇಲ್ಲವೆ ಕೊಳದ ಕಡೆಗಿರುವ ಬಾಗಿಲುಗಳಿಗೆ 54 ಅಂಗುಲ ಎತ್ತರದಲ್ಲಿ ತಾನೇ ಬೀಳುವ ಚಿಲಕ ಹಾಕಿದರೂ ನಡೆಯುತ್ತದೆ. ಮಗ ಚಿಲಕವನ್ನು ಆರಿಸಿದ.

“ಇಷ್ಟು ಚೆನ್ನಾಗಿ ಹಾಸು ಹಾಕಿಸಿ, ಅದರ ನಡುವೆ ಬಲೆಯ ಬೇಲಿ ನಿಲ್ಲಿಸಿದರೆ ಜೈಲಿನ ಹಾಗೆ ಕಾಣುತ್ತೆ ಅಪ್ಪ” ಎಂದ. ಅವನ ಮನೆ, ಅವನ ದುಡ್ಡು. ನಾನು ಸುಮ್ಮನಾದೆ.

ನೀರು ತುಂಬಿದ ರಾತ್ರಿ

ಒಳಮೈಗೆ ಸಣ್ಣ ಹರಳು ಬೆರೆತ ಗಿಲಾವು ಬಳಿದು, ಮರುದಿನ ಅದನ್ನು ತೊಳೆದ ಕೂಡಲೇ ನೀರು ಬಿಡಬೇಕು. ಆ ದಿನ ಮೇ 10, ಅಕ್ಷಯ ತದಿಗೆ. ಕಾಕತಾಳೀಯವೆಂದು ಮಗ, ದೈವಸಂಕಲ್ಪವೆಂದು ಅವನ ತಾಯಿ. ಆಕೆ ಅಂಚಿನ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ತೆಂಗಿನಕಾಯಿ ಒಡೆದು ಗಂಗೆಪೂಜೆ ಮಾಡಿದಳು. ನೀರಿನ ರಭಸಕ್ಕೆ ಹಸಿ ಗಿಲಾವು ಕದಡಬಾರದೆಂದು ಕೊಳವೆಯ ಬಾಯಿಗೆ ಬಟ್ಟೆ ಸುತ್ತಬೇಕಿತ್ತು. ನನ್ನ ಹಳೆಯ ಪಂಚೆ ಆ ಪುಣ್ಯಕಾರ್ಯಕ್ಕೆ ಸಂದಿತು. ನಡುವೆ ನೀರು ನಿಂತರೆ ಗೋಡೆಯ ಮೇಲೆ ಅಳಿಸಲಾಗದ ಗೆರೆ ಬೀಳುತ್ತದಂತೆ. ತುಂಬಲು ಒಂದು ಹಗಲು, ಒಂದು ರಾತ್ರಿ. ನಾನು ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತೆ.

ರಾತ್ರಿ ಎರಡು ಗಂಟೆಯಿರಬಹುದು. ಮಗ ಎದ್ದು ಬಂದ.

“ಇನ್ನೂ ಮಲಗಿಲ್ವಾ ಅಪ್ಪ? ನಾನು ನೋಡ್ಕೋತೀನಿ, ನೀವು ಹೋಗಿ.”

ನಾನು ಏಳಲಿಲ್ಲ. ನೀರು ಆಗ ಮೊಣಕಾಲು ಮೀರಿತ್ತು. ಚಂದ್ರನಿಲ್ಲದ ಕತ್ತಲಲ್ಲಿ ಅದು ಬಾವಿಯ ನೀರಿನಷ್ಟೇ ಕಪ್ಪಾಗಿ ಕಾಣುತ್ತಿತ್ತು. ಐವತ್ತೆಂಟು ವರ್ಷ ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದೆ.

1966ರ ಮುಂಗಾರಿನ ಆರಂಭ. ನನಗೆ ಹತ್ತು ವರ್ಷ. ತುಮಕೂರಿನ ಕಡೆಯ ನಮ್ಮ ಊರಿನ ತೋಟದಲ್ಲೊಂದು ಕಪಿಲೆ ಬಾವಿಯಿತ್ತು. ಸುತ್ತಲೂ ನೇರ ಕಲ್ಲುಗೋಡೆ. ಒಂದು ಮಗ್ಗುಲಲ್ಲಿ ಮಾತ್ರ ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಒಬ್ಬರು ಹಿಡಿದುಕೊಂಡು ಈಜು ಕಲಿಸುವುದು ಪದ್ಧತಿ. ಅಂದು ಮಧ್ಯಾಹ್ನ ದೊಡ್ಡವರು ಊಟಕ್ಕೆ ಹೋದರು. ಪಕ್ಕದ ಮನೆಯ ನನ್ನ ಓರಗೆಯ ಹುಡುಗ, ಒಂದೇ ಒಂದು ಸುತ್ತು ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು ಇಳಿದ. ನೇರಳೆಯ ಮರದ ಕೆಳಗೆ ಹಣ್ಣು ಉದುರಿದ್ದವು. ಹಗ್ಗವನ್ನು ಕಪಿಲೆಯ ಕಂಬಕ್ಕೆ ಸುತ್ತಿ ನಾನು ಆಯಲು ಹೋದೆ. ಎಷ್ಟು ಹೊತ್ತು? ಒಂದು ಹಿಡಿ ಹಣ್ಣು ಆಯುವಷ್ಟು. ಕೂಗಿಲ್ಲ, ಸದ್ದಿಲ್ಲ. ಹಿಂದಿರುಗಿ ಬಗ್ಗಿ ನೋಡಿದಾಗ ಬುರುಡೆಯೊಂದೇ ತೇಲುತ್ತಿತ್ತು. ಹಗ್ಗ ನನ್ನ ಕೈಯಲ್ಲಿತ್ತೆಂಬುದು ಯಾರಿಗೂ ಗೊತ್ತಾಗಲಿಲ್ಲ. ಆದ್ದರಿಂದ ಯಾರೂ ನನ್ನನ್ನು ಬಯ್ಯಲಿಲ್ಲ.

ಮಗ ಬಹಳ ಹೊತ್ತು ಮಾತಾಡಲಿಲ್ಲ. ಕೊಳವೆಯ ನೀರು ಪಂಚೆಯ ಮೂಲಕ ಮೆಲ್ಲಗೆ ಇಳಿಯುತ್ತಿತ್ತು.

“ನಾಳೆ ಬೇಲಿಯವರಿಗೆ ಫೋನ್ ಮಾಡ್ತೀನಿ” ಎಂದ.

ಹೊಸ ಹಾಸುಗಲ್ಲಿಗೆ ಸಾಲಾಗಿ ತೂತು ಕೊರೆದು, ಕಂಬ ನಿಲ್ಲಿಸಿ, ಕಪ್ಪು ಬಲೆಯ ಬೇಲಿ ಬಿಗಿದರು. ಕಲ್ಲು ಕೊರೆಯುವ ಸದ್ದಿಗೆ ಸೊಸೆ ಕಿವಿ ಮುಚ್ಚಿಕೊಂಡಳು. ಆದರೆ ಒಂದು ಮಾತೂ ಆಡಲಿಲ್ಲ.

ತೆರೆಯದ ಗೇಟು

ಜೂನ್ 29ರಂದು ವಿಶ್ವಕಪ್ ಟ್ವೆಂಟಿ-20 ಕ್ರಿಕೆಟ್ಟಿನ ಅಂತಿಮ ಪಂದ್ಯ. ಬಾರ್ಬಡೋಸಿನ ಆಟ ಅರಿಜೋನದ ಗಡಿಯಾರಕ್ಕೆ ಬೆಳಗ್ಗೆ ಏಳೂವರೆಗೇ ಮೊದಲಾಯಿತು. ಮಗನ ಸ್ನೇಹಿತರ ನಾಲ್ಕು ಸಂಸಾರ ಮನೆಯಲ್ಲಿ ಸೇರಿತ್ತು. ಆಟ ಮುಗಿದ ಮೇಲೆ ಚಪ್ಪರದ ಕೆಳಗೆ ಬಿಸಿಬೇಳೆ ಭಾತಿನ ಊಟವೆಂದು ಪಾತ್ರೆಗಳನ್ನು ಸಾಗಿಸುತ್ತಿದ್ದವರು ಯಾರೋ ಹಿಂಬಾಗಿಲಿಗೆ ಐಸಿನ ಪೆಟ್ಟಿಗೆಯನ್ನು ಅಡ್ಡ ಇಟ್ಟಿದ್ದರು. ಕೊನೆಯ ಓವರಿನ ಮೊದಲ ಚೆಂಡು. ಸೂರ್ಯಕುಮಾರ್ ಯಾದವ್ ಗಡಿಗೆರೆಯಲ್ಲಿ ಆ ಕ್ಯಾಚು ಹಿಡಿದ. ಮನೆಗೆ ಮನೆಯೇ ಎದ್ದು ಕುಣಿಯಿತು. ಕುಣಿಯುವವರ ನಡುವೆ ಪುಟ್ಟಿ ಇರಲಿಲ್ಲ.

ಹಿಂಬಾಗಿಲಿಗೆ ಹೇಗೆ ಬಂದೆನೋ ನನಗೆ ನೆನಪಿಲ್ಲ. ಬಾಗಿಲು ಹಾರುಹೊಡೆದಿತ್ತು. ಐವತ್ನಾಲ್ಕು ಅಂಗುಲದ ಚಿಲಕ ಗೋಡೆಯ ಕಡೆ ತಿರುಗಿ ಸುಮ್ಮನೆ ನಿಂತಿತ್ತು. ಆಚೆ, ಬೇಲಿಯ ಬಲೆಗೆ ಎರಡೂ ಅಂಗೈ ಒತ್ತಿಕೊಂಡು ಪುಟ್ಟಿ ನಿಂತಿದ್ದಳು. ಹಿಂದಿನ ಸಂಜೆಯ ಹಳದಿ ಚೆಂಡು ಕೊಳದ ನಡುವೆ ತೇಲುತ್ತಿತ್ತು.

“ತಾತಾ, ಗೇಟ್ ತೆಗಿಯೋಕೆ ಆಗ್ತಾನೇ ಇಲ್ಲ” ಎಂದು ದೂರಿದಳು.

ಅವಳನ್ನು ಎತ್ತಿಕೊಂಡು ಅಲ್ಲೇ ಬಿಸಿಗಲ್ಲಿನ ಮೇಲೆ ಕುಳಿತೆ. ಒಳಗೆ ಭಾರತ ಗೆದ್ದ ಸಂಭ್ರಮ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಅಮೆರಿಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದೆಂದು ಆ ದೇಶದ ಆರೋಗ್ಯ ಇಲಾಖೆ ಹೇಳುತ್ತದೆ. ಅಜಾಗರೂಕರ ಮನೆಯಲ್ಲಷ್ಟೇ ಹೀಗಾಗುತ್ತದೆಂದು ತಿಳಿಯಬಾರದು. ಒಂದು ಹಿಡಿ ನೇರಳೆ, ಒಂದು ಕ್ಯಾಚು. ಅಷ್ಟು ಹೊತ್ತು ಸಾಕು. ಬಾಗಿಲೊಂದು ತಪ್ಪಿದಾಗ ಇನ್ನೊಂದಿರಬೇಕು. ಎರಡೂ ಇದ್ದರೂ ಒಂದು ಕಣ್ಣಿರಬೇಕು.

ಜುಲೈಯಲ್ಲಿ ಪುಟ್ಟಿಯನ್ನು ಈಜಿನ ತರಗತಿಗೆ ಸೇರಿಸಿದರು. ಅಲ್ಲಿ ಕಲಿತದ್ದನ್ನು ಅವಳು ಸಂಜೆ ಕೊಳದಲ್ಲಿ ನನಗೆ ಕಲಿಸುತ್ತಿದ್ದಳು. ಮಗ ಪಕ್ಕದಲ್ಲೇ ನಿಂತಿರುತ್ತಿದ್ದ. “ಮುಖ ನೀರಲ್ಲಿಟ್ಟು ಗುಳುಗುಳು ಮಾಡು ತಾತ, ಹೆದರಬೇಡ.” ಅರುವತ್ತೆಂಟನೆಯ ವಯಸ್ಸಿನಲ್ಲಿ ಗುಳುಗುಳು ಮಾಡಿದೆ. ಮೂರನೆಯ ವಾರ ಮಗನ ಅಂಗೈ ಬೆನ್ನಿನಿಂದ ಸರಿದದ್ದು ನನಗೆ ತಿಳಿಯಲೇ ಇಲ್ಲ. ಆಕಾಶ ನೋಡುತ್ತ ತೇಲುತ್ತಿದ್ದೆ.

ಆಗಸ್ಟಿನಲ್ಲಿ ಬೆಂಗಳೂರಿಗೆ ಮರಳಿದೆವು. ಊರಿನ ಆ ಬಾವಿಯನ್ನು ಮುಚ್ಚಿ ಎಷ್ಟೋ ವರ್ಷಗಳಾದವು. ಅದರ ಮೇಲೆ ಈಗ ರಾಗಿಯ ಕಣವಿದೆ. ನೀರನ್ನು ಮುಚ್ಚಿದವರು ಕಾವಲನ್ನೂ ಮುಗಿಸಬಹುದು. ಕಟ್ಟಿದವರಿಗೆ ಅದು ಮುಗಿಯುವುದಿಲ್ಲ. ಈಗಲೂ ದಿನಾ ರಾತ್ರಿ ಇಲ್ಲಿ ನಾವು ಮಲಗುವ ಮುನ್ನ, ಅಲ್ಲಿ ಅವರು ಎದ್ದ ಹೊತ್ತಿಗೆ, ಮಗನಿಗೆ ಫೋನು ಮಾಡುತ್ತೇನೆ. ಕ್ಷೇಮಸಮಾಚಾರವನ್ನು ಅವನ ತಾಯಿ ಕೇಳುತ್ತಾಳೆ. ನಾನು ಕೇಳುವುದು ಒಂದೇ ಮಾತು:

“ಗೇಟು ಹಾಕಿದೆಯೇನಪ್ಪ?”

“ಹಾಕಿದೆ ಅಪ್ಪ. ಎರಡು ಸಲ ನೋಡಿದೆ.”

ಆಮೇಲೆ ನನಗೆ ನಿದ್ದೆ ಬರುತ್ತದೆ.